ಕಾಣಿಕೆಯ ದಾರಿಖರ್ಚು

ಕಾಣಿಕೆಯು ಮನೆಯಿಂದ ಹೊರಟು ದೇವರ ಸನ್ನಿಧಿಯನ್ನು ಸೇರುವಷ್ಟರಲ್ಲಿ ಎಷ್ಟು ದೂರ ನಡೆಯುವುದು, ಆ ನಡಿಗೆಯಲ್ಲಿ ಎಷ್ಟು ಸವೆಯುವುದು ಎಂಬ ಪ್ರಶ್ನೆಯು ನಮ್ಮ ತಾಯಂದಿರಿಗೆ ಹುಟ್ಟಲು ಕಾರಣವಿರಲಿಲ್ಲ. ಅವರು ಅರಿಸಿನದ ನೀರಿನಲ್ಲಿ ಅದ್ದಿದ ಬಟ್ಟೆಯ ತುಂಡಿನಲ್ಲಿ ಒಂದು ನಾಣ್ಯವನ್ನು ಕಟ್ಟಿ, ದೇವರ ಜಗಲಿಯ ಮೇಲೆ ಮುಡಿಪಾಗಿ ಇಡುತ್ತಿದ್ದರು. ಕೂಸಿಗೆ ಜ್ವರ ಬಿಟ್ಟಿತೆಂದರೆ, ಮಗನಿಗೆ ನೌಕರಿ ದೊರೆಯಿತೆಂದರೆ, ಆ ಗಂಟು ಜಾತ್ರೆಯ ದಿನ ಗುಡಿಯನ್ನು ಸೇರುತ್ತಿದ್ದಿತು. ಕಟ್ಟಿದ ಕೈಯೂ ಅರ್ಪಿಸಿದ ಕೈಯೂ ಒಂದೇ ಆಗಿದ್ದಿತು. ಒಂದು ರೂಪಾಯಿ ಕಟ್ಟಿದ್ದರೆ ಒಂದು ರೂಪಾಯಿಯೇ ತಲಪುತ್ತಿದ್ದಿತು.

ನಾವಿರುವ ವನದುರ್ಗವು ಶಹಾಪುರ ತಾಲ್ಲೂಕಿಗೆ ಸೇರಿದ ಗ್ರಾಮ. ಸುರಪುರದ ನಾಯಕರ ಕಾಲವನ್ನು ನೆನಪಿಗೆ ತರುವ ಕೋಟೆಯ ಗೋಡೆಗಳು ಇಲ್ಲಿ ಇನ್ನೂ ನಿಂತಿರುವುವು. ಆ ಗೋಡೆಗಳ ನೆರಳಿನಲ್ಲಿಯೇ ಚಹದ ಅಂಗಡಿ, ಕಿರಾಣಿ ಅಂಗಡಿ, ಗೊಬ್ಬರದ ಅಂಗಡಿಗಳಲ್ಲಿ ಕಪ್ಪುಬಿಳುಪು ಚುಕ್ಕೆಗಳ ಚೌಕಾಕಾರದ ಚೀಟಿಯು ಅಂಟಿಕೊಂಡಿರುವುದು. ಕ್ಯೂಆರ್ ಎಂದು ಅದರ ಹೆಸರು. ಜನರ ಬಾಯಲ್ಲಿ ಅದು ‘ಸ್ಕ್ಯಾನರ್’. ಅಂಗಡಿಗೆ ಬಂದುದು ಗುಡಿಗೆ ಬಾರದಿರುವುದೆ? ಹುಂಡಿಯ ಮಗ್ಗುಲಲ್ಲಿ, ಚರ್ಚಿನ ಬಾಗಿಲಲ್ಲಿ, ದರ್ಗಾದ ಕಟ್ಟೆಯ ಮೇಲೆ ಈಗ ಅದೇ ಚೀಟಿ. ನಾವು ಇದನ್ನು ದೂಷಿಸಲು ಲೇಖನಿಯನ್ನು ಹಿಡಿದವರಲ್ಲ. ಆದರೆ ಕಳೆದ ವರ್ಷ ನಮ್ಮೂರಿನಲ್ಲಿ ಈ ಚೀಟಿಯ ಒಬ್ಬ ಅಣ್ಣನ ದೆಸೆಯಿಂದ ಒಬ್ಬ ಸತ್ಪುರುಷನ ಮಾನವು ಹೋಗುವುದರಲ್ಲಿದ್ದಿತು. ಆ ಕಥೆಯನ್ನು ಹೇಳಿದರೆ ವಾಚಕರಿಗೆ ಉಪಯೋಗವಾದೀತೆಂದು ಬರೆಯುತ್ತಿರುವೆವು.

ಊರಿನ ಒಂದು ಹಳೆಯ ಗುಡಿಯ ಜೀರ್ಣೋದ್ಧಾರಕ್ಕೆಂದು ಹತ್ತು ಜನರ ಸಮಿತಿಯಾಯಿತು. ಎಪ್ಪತ್ತು ದಾಟಿದ ರೈತರೊಬ್ಬರು ಖಜಾಂಚಿಗಳಾದರು. ಅವರು ಓದಿದುದು ಏಳನೆಯ ಇಯತ್ತೆಯವರೆಗೆ, ಅಕ್ಷರ ಮುತ್ತಿನಂತೆ, ಲೆಕ್ಕದಲ್ಲಿ ಒಂದು ಪೈಸೆ ತಪ್ಪುವವರಲ್ಲ. ಊರಿನಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ಕೆಲಸಕ್ಕಿರುವ ಒಬ್ಬ ತರುಣನು, ‘ಹೊರಗಿರುವವರೆಲ್ಲ ಹಣ ಕಳುಹಿಸಲು ಅನುಕೂಲವಾಗಲಿ’ ಎಂದು, ಹಣ ಸ್ವೀಕರಿಸುವ ಒಂದು ಕಂಪನಿಯ ಮೂಲಕ ಅಂತರ್ಜಾಲದಲ್ಲಿ ಕಾಣಿಕೆಯ ಪುಟವೊಂದನ್ನು ತೆರೆದನು. ಎರಡು ತಿಂಗಳಲ್ಲಿ ಹೈದರಾಬಾದು, ಪುಣೆ, ಮುಂಬಯಿ, ಬೆಂಗಳೂರುಗಳಿಂದ ನಮ್ಮೂರ ಮಕ್ಕಳು ಒಟ್ಟು ರೂ. ೨,೪೦,೦೦೦ ಕೊಟ್ಟರು. ಪ್ರತಿಯೊಬ್ಬರ ಹೆಸರೂ ಮೊಬಲಗೂ ಆ ಪುಟದಲ್ಲಿ ಎಲ್ಲರಿಗೂ ಕಾಣುವಂತಿದ್ದಿತು. ಖಜಾಂಚಿಗಳು ಬ್ಯಾಂಕಿನ ಪಾಸುಬುಕ್ಕನ್ನು ತುಂಬಿಸಿಕೊಂಡು ಬಂದರು. ಅದರಲ್ಲಿದ್ದುದು ರೂ. ೨,೩೪,೩೩೬.

ಊರೆಂದ ಮೇಲೆ ಬಾಯಿಗಳಿಗೆ ಬರವೆ? ಫೋನಿನಲ್ಲಿ ಒಂದು ಮೊತ್ತ, ಪಾಸುಬುಕ್ಕಿನಲ್ಲಿ ಮತ್ತೊಂದು. ನಡುವಿನ ಐದು ಸಾವಿರದ ಆರುನೂರ ಅರವತ್ತುನಾಲ್ಕು ರೂಪಾಯಿ ಎಲ್ಲಿ? ಚಹದ ಅಂಗಡಿಯಲ್ಲಿ ಪ್ರಶ್ನೆಯಾಗಿ ಹುಟ್ಟಿದುದು ಬಸ್ಸು ನಿಲ್ದಾಣವನ್ನು ಮುಟ್ಟುವಷ್ಟರಲ್ಲಿ ಉತ್ತರವೇ ಆಗಿದ್ದಿತು. ಒಂದು ಸಂಜೆ ಖಜಾಂಚಿಗಳು ವಹಿಯನ್ನು ಬಗಲಲ್ಲಿ ಇಟ್ಟುಕೊಂಡು ನಮ್ಮ ಮನೆಗೆ ಬಂದರು. ನೀರು ಕೊಟ್ಟರೆ ಕುಡಿಯಲಿಲ್ಲ. “ಮಾಸ್ತರ, ಎಪ್ಪತ್ತು ವರ್ಷ ಈ ಊರಾಗ ಉಂಡೀನಿ. ದೇವರ ರೊಕ್ಕ ತಿಂದು ಸಾಯಬೇಕೇನ್ರಿ ನಾ?” ಎಂದರು. ಅವರ ಕೈ ನಡುಗುತ್ತಿದ್ದಿತು.

ಆ ಕೈಯನ್ನು ನೋಡಿದ ಮೇಲೆ ನಮಗೆ ಸುಮ್ಮನಿರುವುದಾಗಲಿಲ್ಲ. ವಾಣಿಜ್ಯ ಓದಿದ ನಮ್ಮ ಕಿರಿಯ ಮಗಳನ್ನು ಕೂಡಿಸಿಕೊಂಡು, ಬೆಂಗಳೂರಿನ ತರುಣನಿಂದ ಆ ಕಂಪನಿಯ ಲೆಕ್ಕದ ಹಾಳೆಗಳನ್ನೆಲ್ಲ ತರಿಸಿಕೊಂಡೆವು. ಅವು ದಿನದಿನವೂ ಅವನ ಅಂಚೆಗೆ ಬಂದು ಬೀಳುತ್ತಿದ್ದುವು. ಅವನು ಒಂದನ್ನೂ ತೆರೆದಿರಲಿಲ್ಲ. ಎಲ್ಲವೂ ಅಲ್ಲಿಯೇ ಇದ್ದಿತು. ಕಂಪನಿಯು ನೂರಕ್ಕೆ ಎರಡರಂತೆ ತನ್ನ ಸೇವಾಶುಲ್ಕವನ್ನು ಹಿಡಿದುಕೊಂಡಿದ್ದಿತು: ರೂ. ೪,೮೦೦. ಆ ಶುಲ್ಕದ ಮೇಲೆ ನೂರಕ್ಕೆ ಹದಿನೆಂಟರಂತೆ ಜಿಎಸ್‌ಟಿ: ರೂ. ೮೬೪. ಎರಡೂ ಕೂಡಿ ರೂ. ೫,೬೬೪. ಒಂದು ಪೈಸೆಯೂ ಹೆಚ್ಚಿಲ್ಲ, ಒಂದು ಪೈಸೆಯೂ ಕಡಮೆಯಿಲ್ಲ. ಫೋನಿನಲ್ಲಿ ತರುಣನನ್ನು ಕೇಳಿದೆವು. “ಸರ, ಅದು ಕಂಪನಿ ಚಾರ್ಜ್ ರೀ. ಎಲ್ಲಾರೂ ಕೊಡ್ತಾರ್ರೀ. ಹೇಳೋದು ಏನದ ಅಂತ ಸುಮ್ಮನಿದ್ದೆ” ಎಂದನು. ಹುಡುಗನು ಕೆಟ್ಟವನಲ್ಲ. ಇಂಗ್ಲಿಷಿನಲ್ಲಿದ್ದ ಕರಾರನ್ನು ಓದದೆ ಒಪ್ಪಿಗೆಯ ಗುಂಡಿಯನ್ನು ಒತ್ತಿದ್ದನು, ಅಷ್ಟೆ. ಕೌಟಿಲ್ಯನು ಅರ್ಥಶಾಸ್ತ್ರದಲ್ಲಿ ರಾಜದ್ರವ್ಯವನ್ನು ಅಪಹರಿಸುವ ನಲವತ್ತು ಉಪಾಯಗಳನ್ನು ಎಣಿಸಿರುವನು. ಇದು ಆ ನಲವತ್ತರಲ್ಲಿ ಸೇರತಕ್ಕುದಲ್ಲ, ನಲವತ್ತೊಂದನೆಯದೂ ಅಲ್ಲ. ಮುಚ್ಚುಮರೆಯಿಲ್ಲದೆ ಬರೆದುಕೊಟ್ಟೇ ತೆಗೆದುಕೊಂಡ ಕೂಲಿ. ಹಾಗಿದ್ದೂ ಒಬ್ಬ ನಿರಪರಾಧಿಯ ಮೇಲೆ ಕಳವಿನ ಮಾತು ಬಂದಿತು. ಯಾರೂ ಕದಿಯದೆ ಕಳವಿನ ಅಪವಾದ ಹುಟ್ಟುವುದಾದರೆ, ಆ ವ್ಯವಸ್ಥೆಯಲ್ಲಿ ತಿದ್ದಬೇಕಾದುದು ಏನೋ ಇರುವುದು.

ಹಣವನ್ನು ಸಾಗಿಸುವುದಕ್ಕೆ ಕೂಲಿ ಬೀಳುವುದೇನೂ ಹೊಸದಲ್ಲ. ‘ಹುಂಡಿ’ ಎಂಬ ಶಬ್ದವನ್ನೇ ನೋಡಿರಿ. ಗುಡಿಯ ಕಾಣಿಕೆಯ ಪೆಟ್ಟಿಗೆಗೂ ಹುಂಡಿಯೆಂದೇ ಹೆಸರು, ಸಾಹುಕಾರರು ಊರಿಂದೂರಿಗೆ ಹಣ ಸಾಗಿಸಲು ಬರೆದುಕೊಡುತ್ತಿದ್ದ ಚೀಟಿಗೂ ಹುಂಡಿಯೆಂದೇ ಹೆಸರು. ಆ ಎರಡನೆಯ ಹುಂಡಿಗೆ ವಟ್ಟವನ್ನು ಮುರಿದುಕೊಳ್ಳದೆ ಯಾವ ಸಾಹುಕಾರನೂ ಹಣ ಎಣಿಸುತ್ತಿರಲಿಲ್ಲ. ನಮ್ಮ ಸೀಮೆಯು ನಿಜಾಮರ ರಾಜ್ಯಕ್ಕೆ ಸೇರಿದ್ದ ಕಾಲದಲ್ಲಿ ಇಲ್ಲಿ ನಡೆಯುತ್ತಿದ್ದುದು ಹಾಲಿ ಸಿಕ್ಕಾ. ಬ್ರಿಟಿಷರ ಸೀಮೆಯ ಕಲ್ದಾರ್ ರೂಪಾಯಿಗೂ ಅದಕ್ಕೂ ಬೆಲೆ ಬೇರೆ. ಆರು ಕಲ್ದಾರಿಗೆ ಹೆಚ್ಚುಕಡಮೆ ಏಳು ಹಾಲಿ ಎಂದು ನಮ್ಮ ತಂದೆಯವರು ಬೆರಳು ಮಡಿಸಿ ಹೇಳುತ್ತಿದ್ದರು. ಸೊಲ್ಲಾಪುರದಲ್ಲಿ ದುಡಿಯುವವನು ಊರ ದೇವರಿಗೆ ಹಣ ಕಳುಹಿಸಿದರೆ, ಎಷ್ಟು ಬಂದೀತೆಂಬುದನ್ನು ಮೊದಲು ಲೆಕ್ಕಹಾಕಬೇಕಾಗಿದ್ದಿತು. ಆಮೇಲೆ ಅಂಚೆಯ ಮನಿಆರ್ಡರು. ಇಪ್ಪತ್ತು ರೂಪಾಯಿಗೆ ಒಂದು ರೂಪಾಯಿ ಕಮಿಷನ್ನು, ಎಂದರೆ ನೂರಕ್ಕೆ ಐದು. ಇಂದಿನ ಕಂಪನಿಯ ಎರಡಕ್ಕಿಂತ ಅದು ಎರಡು ಪಟ್ಟಿಗೂ ಮಿಕ್ಕುದು. ಆದರೂ ಮನಿಆರ್ಡರಿನ ದೆಸೆಯಿಂದ ಯಾವ ಖಜಾಂಚಿಯೂ ಕಳ್ಳನೆನಿಸಿಕೊಂಡುದನ್ನು ನಾವು ಕೇಳಿಲ್ಲ. ಕಾರಣವೇನೆಂದರೆ, ಕಮಿಷನ್ನನ್ನು ಕಳುಹಿಸುವವನು ಅಂಚೆಯ ಮನೆಯ ಕಿಟಕಿಯಲ್ಲಿ ತನ್ನ ಕೈಯಾರೆ ಬೇರೆಯಾಗಿ ಕೊಡುತ್ತಿದ್ದನು. ನೂರು ಬರೆದರೆ ನೂರೇ ತಲಪುತ್ತಿದ್ದಿತು. ಈಗಿನ ಕೂಲಿಯು ಕಾಣಿಕೆಯ ಹೊಟ್ಟೆಯಿಂದಲೇ ಕತ್ತರಿಸಲ್ಪಡುವುದು; ಕೊಟ್ಟವನಿಗೆ ತಿಳಿಯದು, ಪಡೆದವನಿಗೆ ಕಾಣದು.

ಇನ್ನು ಇಂದಿನ ಮಾರ್ಗಗಳ ಭೇದವನ್ನು ತಿಳಿಯಬೇಕು. ಎಲ್ಲವೂ ‘ಫೋನಿನಿಂದ ಹಾಕಿದ ಹಣ’ವೇ ಆದರೂ ಎಲ್ಲಕ್ಕೂ ಕೂಲಿ ಒಂದೇ ಅಲ್ಲ. ಭಾರತದ ರಾಷ್ಟ್ರೀಯ ಪಾವತಿ ನಿಗಮವು ೨೦೧೬ರಲ್ಲಿ ಹೊರತಂದ ಯುಪಿಐ ಎಂಬ ಮಾರ್ಗದಲ್ಲಿ ಕೊಡುವವನ ಬ್ಯಾಂಕಿನಿಂದ ಪಡೆಯುವವನ ಬ್ಯಾಂಕಿಗೆ ಹಣವು ನೇರವಾಗಿ ಹೋಗುವುದು. ಫೋನಿನಲ್ಲಿರುವ ಆಪ್ ಎಂಬುದು ಕೇವಲ ದೂತ. ೨೦೨೦ರ ಜನವರಿ ೧ರಿಂದ ಈ ಮಾರ್ಗಕ್ಕೂ ರುಪೇ ಡೆಬಿಟ್ ಕಾರ್ಡಿಗೂ ವ್ಯಾಪಾರಿಯ ಮೇಲೆ ಬೀಳುತ್ತಿದ್ದ ಶುಲ್ಕವನ್ನು ಸರ್ಕಾರವು ಇಲ್ಲದಂತೆ ಮಾಡಿತು. ೨೦೨೫ರ ಆಗಸ್ಟ್ ಒಂದೇ ತಿಂಗಳಲ್ಲಿ ದೇಶದಲ್ಲಿ ೨,೦೦೦ ಕೋಟಿಗೂ ಮಿಕ್ಕಿ ಇಂಥ ಪಾವತಿಗಳು ನಡೆದುವು. ಇಷ್ಟು ಕೆಲಸವು ಬಿಟ್ಟಿಯಾಗಿ ನಡೆಯುವುದೆಂದು ಯಾರೂ ಭ್ರಮಿಸಬಾರದು. ಬ್ಯಾಂಕುಗಳು ಖರ್ಚನ್ನು ಹೊರುವುವು. ಸಣ್ಣ ವ್ಯಾಪಾರಿಗಳ ಪಾವತಿಗಳಿಗೆ ಪ್ರೋತ್ಸಾಹಧನವೆಂದು ಕೇಂದ್ರ ಸರ್ಕಾರವು ೨೦೨೪–೨೫ನೆಯ ಸಾಲಿಗೆ ರೂ. ೧,೫೦೦ ಕೋಟಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಹಾಗೆಂದರೆ ತೆರಿಗೆ ಕೊಡುವ ನಾವು ನೀವೇ ಆ ಕೂಲಿಯನ್ನು ಹಿಂಬಾಗಿಲಿನಿಂದ ಕೊಡುತ್ತಿರುವೆವು. ಇರಲಿ, ಗುಡಿಯ ಕಾಣಿಕೆಯಿಂದಂತೂ ಅದು ಕತ್ತರಿಸಲ್ಪಡುವುದಿಲ್ಲ.

ಬೇರೆ ಡೆಬಿಟ್ ಕಾರ್ಡುಗಳಿಗೆ ರಿಸರ್ವ್ ಬ್ಯಾಂಕು ೨೦೧೮ರಿಂದ ಒಂದು ಮಿತಿಯನ್ನು ವಿಧಿಸಿರುವುದು: ವರ್ಷಕ್ಕೆ ೨೦ ಲಕ್ಷದೊಳಗಿನ ವಹಿವಾಟಿನ ಸಣ್ಣವರಿಗೆ ಶೇಕಡಾ ೦.೪೦, ದೊಡ್ಡವರಿಗೆ ೦.೯೦. ಕ್ರೆಡಿಟ್ ಕಾರ್ಡಿಗೆ ಅಂಥ ಮಿತಿಯಿಲ್ಲ. ಸಾಮಾನ್ಯವಾಗಿ ನೂರಕ್ಕೆ ಎರಡರ ಆಸುಪಾಸು. ಇವೆಲ್ಲವನ್ನೂ ಒಂದೇ ಪುಟದಲ್ಲಿ ಕೂಡಿಸಿಕೊಡುವ ಕಂಪನಿಗಳ ಮಾತು ಬೇರೆ. ಅವು ತಮ್ಮ ಪುಟ, ತಮ್ಮ ರಸೀದಿ, ತಮ್ಮ ಲೆಕ್ಕಪತ್ರಗಳಿಗೆಂದು ‘ವೇದಿಕೆಯ ಶುಲ್ಕ’ವನ್ನು ವಿಧಿಸುವುವು, ಶುಲ್ಕವಿಲ್ಲದ ಯುಪಿಐ ಮೂಲಕ ಬಂದ ಹಣಕ್ಕೂ ಅದನ್ನು ಹಾಕುವುದುಂಟು. ನಮ್ಮ ಗುಡಿಯ ವಿಷಯದಲ್ಲಿ ಆದುದೂ ಇದೇ. ಬಂದ ೨,೪೦,೦೦೦ದಲ್ಲಿ ೧,೫೦,೦೦೦ ಯುಪಿಐ ಮೂಲಕವೇ ಬಂದಿದ್ದಿತು. ಆ ದಾನಿಗಳು ಗುಡಿಯ ಬ್ಯಾಂಕು ಕೊಟ್ಟ ಚೀಟಿಗೇ ನೇರವಾಗಿ ಹಾಕಿದ್ದರೆ ರೂ. ೩,೫೪೦ ಉಳಿಯುತ್ತಿದ್ದಿತು. ಉಳಿದ ೯೦,೦೦೦ ಕಾರ್ಡಿನಿಂದಲೂ ಬ್ಯಾಂಕಿನ ಜಾಲದಿಂದಲೂ ಬಂದುದು. ಅದರ ಕೂಲಿ ರೂ. ೨,೧೨೪. ಆ ಪುಟವಿಲ್ಲದಿದ್ದರೆ ಆ ತೊಂಬತ್ತು ಸಾವಿರದಲ್ಲಿ ಎಷ್ಟು ಬರುತ್ತಿದ್ದಿತೋ ಬಲ್ಲವರಾರು? ಆದುದರಿಂದ ಆ ಕೂಲಿಯನ್ನು ನಾವು ನಷ್ಟವೆನ್ನಲಾರೆವು. ಮೊದಲಿನ ಮೂರೂವರೆ ಸಾವಿರ ಮಾತ್ರ ಅಜಾಗರೂಕತೆಯ ದಂಡ. ಅದು ನಂದಾದೀಪದ ಎಷ್ಟೋ ತಿಂಗಳ ಎಣ್ಣೆ.

ಚಂದಾ ಎತ್ತಿಕೊಡುವ ಕೆಲವು ತಾಣಗಳಲ್ಲಿ ಇನ್ನೊಂದು ಚಮತ್ಕಾರವಿರುವುದು. ‘ನಾವು ಶುಲ್ಕ ತೆಗೆದುಕೊಳ್ಳುವುದಿಲ್ಲ’ ಎಂದು ಮೇಲೆ ಬರೆದಿರುವರು. ಕೆಳಗೆ, ಕೊಡುವವನು ತಾಣಕ್ಕೆ ಕೊಡಬೇಕಾದ ‘ಬಕ್ಷೀಸ’ನ್ನು ತಾವೇ ತುಂಬಿಟ್ಟಿರುವರು. ಬೇಡವೆನ್ನುವವನು ಹುಡುಕಿ ಅಳಿಸಬೇಕು. ಹೋಟೆಲಿನ ಮಾಣಿಯೂ ಇಷ್ಟು ನಾಚಿಕೆಗೆಟ್ಟು ಕೇಳುವುದಿಲ್ಲ.

ಕಾಣಿಕೆಯ ಕೂಲಿಯ ವಿಚಾರದಲ್ಲಿ ನಮಗಿಂತ ಮೊದಲು ಪೆಟ್ಟು ತಿಂದವರು ಪಶ್ಚಿಮದ ಚರ್ಚುಗಳವರು. ಇಂಗ್ಲೆಂಡಿನ ಚರ್ಚಿನವರು ೨೦೧೮ರಲ್ಲಿ ೧೬,೦೦೦ಕ್ಕೂ ಹೆಚ್ಚು ಪೂಜಾಸ್ಥಾನಗಳಿಗೆ ಕಾರ್ಡು ಮುಟ್ಟಿಸಿ ಕಾಣಿಕೆ ಕೊಡುವ ಯಂತ್ರಗಳು ದೊರೆಯುವ ಏರ್ಪಾಡನ್ನು ಮಾಡಿದರು. ಅಮೆರಿಕೆಯಲ್ಲಿ ಇಂಥ ಪಾವತಿಗೆ ಸಾಮಾನ್ಯವಾಗಿ ನಡೆಯುವ ದರವು ಶೇಕಡಾ ೨.೯, ಅದರ ಮೇಲೆ ಪ್ರತಿಯೊಂದು ಕಾಣಿಕೆಗೂ ೩೦ ಸೆಂಟು. ಸಾವಿರ ಡಾಲರು ಕೊಡುವ ಧನಿಕನಿಗೆ ಆ ಮೂವತ್ತು ಸೆಂಟು ಲೆಕ್ಕಕ್ಕಿಲ್ಲ. ಐದು ಡಾಲರು ಕೊಡುವ ಮುದುಕಿಯ ಕಾಣಿಕೆಯಲ್ಲಿ ಎರಡೂ ಕೂಡಿ ೪೪ ಸೆಂಟಿಗೂ ಮಿಕ್ಕಿ ಹೋಗುವುದು. ಎಂದರೆ ನೂರಕ್ಕೆ ಒಂಬತ್ತರ ಹತ್ತಿರ. ಬಡವನ ಕಾಣಿಕೆಯಿಂದಲೇ ಹೆಚ್ಚು ಭಾಗ ಹೋಗುವ ಕೂಲಿಯಿದು. ಕ್ರೈಸ್ತರ ಸುವಾರ್ತೆಯಲ್ಲಿ ಎರಡು ಕಾಸನ್ನು ಹಾಕಿದ ಬಡ ವಿಧವೆಯ ಪ್ರಸಂಗವು ಬರುವುದು. ಎಲ್ಲರಿಗಿಂತ ಹೆಚ್ಚು ಹಾಕಿದವಳು ಅವಳೇ ಎಂದು ಯೇಸುವು ಹೊಗಳಿದನಂತೆ. ಆ ತಾಯಿಯು ಇಂದು ಫೋನಿನಿಂದ ಹಾಕಿದ್ದರೆ ಎರಡು ಕಾಸೂ ದಾರಿಯಲ್ಲಿಯೇ ಮುಗಿದುಹೋಗಿ ದೇವಾಲಯವು ಮೇಲಿಂದ ಸಾಲ ತೀರಿಸಬೇಕಾಗುತ್ತಿದ್ದಿತು! ಅದಕ್ಕೇ ಅಲ್ಲಿನ ಅನೇಕ ಸಭೆಗಳು ‘ಕೂಲಿಯನ್ನೂ ನಾನೇ ಕೊಡುವೆನು’ ಎಂಬ ಒಂದು ಗುರುತಿನ ಜಾಗವನ್ನು ಇಟ್ಟಿರುವುವು. ಮನಿಆರ್ಡರಿನ ಹಳೆಯ ನ್ಯಾಯವು ಸಮುದ್ರವನ್ನು ಸುತ್ತಿ ಬಂದಂತಾಯಿತು.

ನಮ್ಮ ಜಿಲ್ಲೆಯಲ್ಲಿ ಕ್ರೈಸ್ತ ಸಭೆಗಳಿಗೆ ಕೊರತೆಯಿಲ್ಲ. ಯಾದಗಿರಿಯಲ್ಲಿ ಮೆಥೊಡಿಸ್ಟ್ ಮಿಷನ್ನಿನವರು ಕಟ್ಟಿದ ಹೋಲ್ಸ್ಟನ್ ಆಸ್ಪತ್ರೆಯನ್ನು ಹಿರಿಯರು ಬಲ್ಲರು. ನಮಗೆ ಆ ಸಭೆಯ ಗೆಳೆಯರೊಬ್ಬರಿರುವರು, ನಮ್ಮಂತೆಯೇ ನಿವೃತ್ತ ಶಿಕ್ಷಕರು. ಒಮ್ಮೆ ಮಾತಿಗೆ ಮಾತು ಬಂದು, ಕನ್ನಡ ಬೈಬಲಿನಲ್ಲಿ ಧನಿಯ ಆಸ್ತಿಯನ್ನು ನೋಡಿಕೊಳ್ಳುವವನಿಗೆ ‘ಮನೆವಾರ್ತೆಯವನು’ ಎಂಬ ಶಬ್ದವನ್ನು ಬಳಸಿರುವುದನ್ನು ಅವರು ತೋರಿಸಿದರು. ಎಂಥ ಸೊಗಸಾದ ಮಾತು! ಗುಡಿಗೆ ಪಾರುಪತ್ಯಗಾರ, ದರ್ಗಾಕ್ಕೆ ಮುತವಲ್ಲಿ, ಚರ್ಚಿಗೆ ಮನೆವಾರ್ತೆಯವನು. ನಮ್ಮ ಧರ್ಮಶಾಸ್ತ್ರಕಾರರು ಇನ್ನೊಬ್ಬರ ಸೊತ್ತನ್ನು ನಂಬಿಕೆಯಿಂದ ಇರಿಸಿಕೊಂಡುದಕ್ಕೆ ನಿಕ್ಷೇಪವೆಂದು ಹೆಸರಿಟ್ಟು, ಅದರ ಜವಾಬುದಾರಿಯನ್ನು ಬಹು ವಿಸ್ತಾರವಾಗಿ ಚರ್ಚಿಸಿರುವರು. ‘ಮನೆವಾರ್ತೆ’ಯೆಂಬುದು ಅದಕ್ಕಿಂತ ಹತ್ತಿರದ ಮಾತು. ಮನೆಯ ಅಡಕಲ ಗಡಿಗೆಯಲ್ಲಿ ಎಷ್ಟು ಜೋಳವಿದೆ, ಎಣ್ಣೆ ಎಷ್ಟು ದಿನ ಬಂದೀತು ಎಂಬುದನ್ನು ನಮ್ಮ ಗೃಹಿಣಿಯರು ಬಲ್ಲಂತೆ, ದೇವರ ಮನೆಯ ಸಾಮಾನನ್ನು ಬಲ್ಲವನೇ ಮನೆವಾರ್ತೆಯವನು. ಆ ಗೆಳೆಯರು ತಮ್ಮ ಸಭೆಯ ವಿಷಯ ಹೇಳುತ್ತ, “ಭಾನುವಾರ ಕಾಣಿಕೆ ಚೀಲ ಬಂದಾಗ ಸಣ್ಣ ಹುಡುಗರ ಕೈಯಾಗ ಒಂದು ರೂಪಾಯಿ ಕೊಟ್ಟು ಹಾಕಸ್ತಿದ್ವಿ, ಮಾಸ್ತರ. ಈಗ ಅಪ್ಪ ಕುಂತಲ್ಲೇ ಫೋನ್ ಒತ್ತತಾನ. ಹುಡುಗ ಏನ್ ನೋಡಿ ಕಲೀಬೇಕು?” ಎಂದರು. ಇದು ಯಾವ ಕಂಪನಿಯ ಹಾಳೆಯಲ್ಲಿಯೂ ಬಾರದ ಖರ್ಚು.

ಹಾಳೆಯಲ್ಲಿ ಬಾರದ ಖರ್ಚು ಗುಡಿಗಳಲ್ಲಿಯೂ ಒಂದಿರುವುದು. ಅದನ್ನು ಕುರಿತು ಯಾರೂ ಮಾತಾಡುವುದನ್ನು ನಾವು ಕಾಣೆವು. ಮಂಗಳಾರತಿಯ ತಟ್ಟೆಗೆ ಬೀಳುವ ಕಾಸು ಅರ್ಚಕನದು, ಹುಂಡಿಗೆ ಬೀಳುವುದು ದೇವರದು ಎಂಬುದು ಬಹಳ ಕಡೆಯ ರೂಢಿ. ಕರ್ನಾಟಕದಲ್ಲಿ ಮುಜರಾಯಿ ಇಲಾಖೆಗೆ ಸೇರಿದ ಸುಮಾರು ೩೪ ಸಾವಿರ ದೇವಾಲಯಗಳಲ್ಲಿ, ವರ್ಷಕ್ಕೆ ೨೫ ಲಕ್ಷಕ್ಕೂ ಹೆಚ್ಚು ಆದಾಯವುಳ್ಳ ‘ಎ’ ವರ್ಗದವು ಸುಮಾರು ಇನ್ನೂರು. ಐದರಿಂದ ಇಪ್ಪತ್ತೈದು ಲಕ್ಷದ ‘ಬಿ’ ವರ್ಗದವು ಹೆಚ್ಚುಕಡಮೆ ಅಷ್ಟೇ. ಉಳಿದವೆಲ್ಲ ಐದು ಲಕ್ಷದೊಳಗಿನ ‘ಸಿ’ ವರ್ಗದ ಬಡ ಗುಡಿಗಳು. ಅಂಥ ಗುಡಿಯ ಅರ್ಚಕನ ಒಲೆ ಉರಿಯುವುದು ಬಹುಮಟ್ಟಿಗೆ ತಟ್ಟೆಯ ಕಾಸಿನಿಂದ. ಜೇಬಿನಲ್ಲಿ ಚಿಲ್ಲರೆಯಿಲ್ಲದ ಭಕ್ತನು ಆರತಿಯನ್ನು ಕಣ್ಣಿಗೊತ್ತಿಕೊಂಡು, ಕಂಬದ ಮೇಲಿನ ಚೀಟಿಗೆ ಹತ್ತು ರೂಪಾಯಿ ಹಾಕಿ ಹೋಗುವನು. ಅವನು ಕೊಡದೆ ಹೋದನೆನ್ನುವಂತಿಲ್ಲ. ಆದರೆ ಅರ್ಚಕನ ತಟ್ಟೆ ಬರಿದು. ಹೀಗಾಗಿ ಕೆಲವರು ತಟ್ಟೆಯ ಬಳಿ ತಮ್ಮ ಸ್ವಂತ ಖಾತೆಯ ಚೀಟಿಯನ್ನು ಇಡುವರು. ಯಾವುದು ದೇವರ ಚೀಟಿ, ಯಾವುದು ಅರ್ಚಕನ ಚೀಟಿ ಎಂದು ಭಕ್ತನಿಗೆ ತಿಳಿಯದು, ಅಲ್ಲಿಂದ ಜಗಳ. ಅರ್ಚಕನನ್ನು ಬೈಯುವುದು ಸುಲಭ. ಎರಡು ಚೀಟಿಗಳನ್ನೂ ಹೆಸರು ಬರೆದು ಬೇರೆ ಬೇರೆ ಇಡುವುದು ಅದಕ್ಕಿಂತಲೂ ಸುಲಭ. ನಮ್ಮಲ್ಲಿ ಈಗ ಹಾಗೆ ಮಾಡಿರುವೆವು.

ಹಣ ಬಂದಿತೆಂದು ಕೂಗಿ ಹೇಳುವ ಪೆಟ್ಟಿಗೆಯ ಮಾತನ್ನೂ ಹೇಳಿಬಿಡುವೆವು. ಅದಕ್ಕೆ ತಿಂಗಳಿಗೆ ನೂರು ರೂಪಾಯಿಯ ಸುಮಾರಿಗೆ ಬಾಡಿಗೆ. ತಿಂಗಳಿಗೆ ಹದಿನೈದು ನೂರು ಬರುವ ಗುಡಿಯಲ್ಲಿ ಅದು ನೂರಕ್ಕೆ ಆರೂವರೆಗೂ ಮಿಕ್ಕಿತು. ಮಂತ್ರಪುಷ್ಪದ ನಡುವೆ ‘ಹತ್ತು ರೂಪಾಯಿ ಸ್ವೀಕರಿಸಲಾಗಿದೆ’ ಎಂಬ ಕೂಗನ್ನು ಕೇಳುವುದಕ್ಕೆ ಇಷ್ಟು ಕೊಡಬೇಕೆ? ನಮ್ಮ ಸಮಿತಿಯು ಬೇಡವೆಂದಿತು.

೨೦೨೪ರ ಫೆಬ್ರುವರಿಯಲ್ಲಿ ಮುಜರಾಯಿ ಕಾನೂನಿನ ತಿದ್ದುಪಡಿಯ ಮಸೂದೆಯೊಂದು ನಾಡಿನಲ್ಲಿ ಬಹಳ ಗದ್ದಲವನ್ನು ಎಬ್ಬಿಸಿದ್ದುದು ವಾಚಕರ ನೆನಪಿನಲ್ಲಿರಬಹುದು. ಕೋಟಿಗೆ ಮಿಕ್ಕ ಆದಾಯದ ದೇವಾಲಯಗಳಿಂದ ಶೇಕಡಾ ಹತ್ತನ್ನೂ, ಹತ್ತು ಲಕ್ಷದಿಂದ ಕೋಟಿಯವರೆಗಿನವುಗಳಿಂದ ಐದನ್ನೂ ಸಣ್ಣ ಗುಡಿಗಳ ನೆರವಿನ ಸಾಮಾನ್ಯ ನಿಧಿಗೆ ಕೊಡಿಸುವ ಮಸೂದೆಯದು. ವಿಧಾನಪರಿಷತ್ತಿನಲ್ಲಿ ಬಿದ್ದು, ವಿಧಾನಸಭೆಯಲ್ಲಿ ಮತ್ತೆ ಅಂಗೀಕೃತವಾಯಿತು. ವಕ್ಫ್ ಸಂಸ್ಥೆಗಳು ತಮ್ಮ ಮಂಡಳಿಗೆ ಕೊಡುತ್ತಿದ್ದ ಶೇಕಡಾ ಏಳು, ೨೦೨೫ರ ತಿದ್ದುಪಡಿಯಿಂದ ಐದಕ್ಕಿಳಿಯಿತು. ಈ ಹತ್ತು, ಐದು, ಏಳುಗಳ ಮೇಲೆ ಸಭೆಗಳಾದುವು, ಭಾಷಣಗಳಾದುವು. ಬಡ ಗುಡಿಯ ಕಾಣಿಕೆಯಿಂದ ಸದ್ದಿಲ್ಲದೆ ಹೋಗುವ ಎರಡೂಕಾಲಿನ ಮೇಲೆ ಒಂದು ಪತ್ರವೂ ಬರೆಯಲ್ಪಡಲಿಲ್ಲ.

ಕೂಲಿಗಿಂತಲೂ ದೊಡ್ಡ ಅಪಾಯವೆಂದರೆ ಚೀಟಿ ಯಾರದೆಂಬುದೇ ತಿಳಿಯದಿರುವುದು. ೨೦೨೩ರ ಏಪ್ರಿಲಿನಲ್ಲಿ ಬದರೀನಾಥ, ಕೇದಾರನಾಥ ಕ್ಷೇತ್ರಗಳ ಬಾಗಿಲು ತೆರೆದಾಗ ಕಾಣಿಕೆ ಕೇಳುವ ಕ್ಯೂಆರ್ ಫಲಕಗಳು ಕಂಡುವು. ತಾನು ಹಾಕಿಸಿದುವಲ್ಲವೆಂದು ದೇವಾಲಯ ಸಮಿತಿಯು ಪೊಲೀಸರಿಗೆ ದೂರಿತ್ತಿತು. ವಿಚಾರಿಸಲಾಗಿ, ೨೦೧೮ರಲ್ಲಿಯೇ ಒಂದು ಪಾವತಿಯ ಕಂಪನಿಯೊಡನೆ ಒಪ್ಪಂದವಾಗಿದ್ದುದು ಹೊರಬಿದ್ದಿತು. ಅಷ್ಟು ದೊಡ್ಡ ಕ್ಷೇತ್ರದಲ್ಲಿಯೇ ಹಿಂದಿನವರು ಬರೆದುಕೊಟ್ಟುದು ಇಂದಿನವರಿಗೆ ಗೊತ್ತಿಲ್ಲವೆಂದಮೇಲೆ ಹಳ್ಳಿಯ ಗತಿಯೇನು? ಅಂಗಡಿಗಳ ಚೀಟಿಯ ಮೇಲೆ ರಾತ್ರಿ ತಮ್ಮ ಚೀಟಿಯನ್ನು ಅಂಟಿಸಿ ಹೋಗುವ ಧೂರ್ತರೂ ಇರುವರು. ನಮ್ಮ ಖಜಾಂಚಿಗಳು ಇದಕ್ಕೊಂದು ಉಪಾಯ ಮಾಡಿರುವರು: ಪ್ರತಿ ಸೋಮವಾರ ಬೆಳಿಗ್ಗೆ ತಾವೇ ಒಂದು ರೂಪಾಯಿಯನ್ನು ಆ ಚೀಟಿಗೆ ಹಾಕುವರು. ಫೋನಿನಲ್ಲಿ ಗುಡಿಯ ಹೆಸರು ಬಂದರೆ ಸರಿ.

ಬೇರೆ ಎರಡು ವಿಷಯಗಳನ್ನು ಇಲ್ಲಿಯೇ ಹೇಳುವುದು ಒಳ್ಳೆಯದು. ಪರಸ್ಥಳದಲ್ಲಿ ಮಕ್ಕಳಿರುವ ಮನೆಗಳಿಗೆ ಇವು ಬೇಕಾಗುವುವು. ನಮ್ಮೂರ ಹುಡುಗನು ಅಮೆರಿಕೆಯಲ್ಲಿದ್ದು ಇನ್ನೂ ಭಾರತದ ಪ್ರಜೆಯಾಗಿದ್ದರೆ, ತನ್ನ ಸಂಪಾದನೆಯಿಂದ ಬ್ಯಾಂಕಿನ ಮೂಲಕ ಊರ ಗುಡಿಗೆ ಕಳುಹಿಸಲು ಅಡ್ಡಿಯಿಲ್ಲ. ಆ ದೇಶದ ಪ್ರಜೆಯಾಗಿಬಿಟ್ಟಿದ್ದರೆ ಅವನ ಹಣವು ಕಾನೂನಿನ ಕಣ್ಣಿನಲ್ಲಿ ವಿದೇಶೀ ದೇಣಿಗೆ; ಅದನ್ನು ಪಡೆಯಲು ಗೃಹಮಂತ್ರಾಲಯದ ನೋಂದಣಿ ಅಥವಾ ಅನುಮತಿ ಬೇಕು, ೨೦೨೦ರ ತಿದ್ದುಪಡಿಯ ಮೇಲೆ ದಿಲ್ಲಿಯ ಸಂಸತ್ ಮಾರ್ಗದ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯಲ್ಲಿಯೇ ಮೊದಲು ಆ ಹಣ ಇಳಿಯಬೇಕು. ಹಳ್ಳಿಯ ಸಮಿತಿಗೆ ಇದು ಆಗದ ಮಾತು. ಅಂಥ ಹಣ ಬಂದರೆ ತಾಯಿತಂದೆಯರು ಸಂತೋಷದಿಂದ ತೆಗೆದುಕೊಳ್ಳುವ ಮೊದಲು ವಿಚಾರಿಸಲಿ. ಎರಡನೆಯದು ಆದಾಯ ತೆರಿಗೆಯ ವಿನಾಯಿತಿ. ೨೦೧೭ರಿಂದೀಚೆಗೆ ಎರಡು ಸಾವಿರಕ್ಕೆ ಮೇಲ್ಪಟ್ಟು ನಗದಾಗಿ ಕೊಟ್ಟ ದಾನಕ್ಕೆ ವಿನಾಯಿತಿ ಇಲ್ಲ. ಅದಕ್ಕೆಂದೇ ಕೆಲವರು ಕಾರ್ಡಿನಿಂದ ಕೊಟ್ಟು ರಸೀದಿ ಕೇಳುವರು. ಆದರೆ ಸಂಸ್ಥೆಗೆ ಇಲಾಖೆಯ ಅನುಮೋದನೆ ಇಲ್ಲದಿದ್ದರೆ ಯಾವ ಮಾರ್ಗದಿಂದ ಕೊಟ್ಟರೂ ವಿನಾಯಿತಿ ದೊರೆಯದು. ಊರ ಗುಡಿಗೆ ಅದು ಸಾಮಾನ್ಯವಾಗಿ ಇರುವುದಿಲ್ಲ.

ನಗದೇ ಲೇಸೆಂದು ಹೇಳಿಬಿಡುವ ಆತುರವೂ ನಮಗಿಲ್ಲ. ಹುಂಡಿಯ ಹಣವನ್ನು ಎಣಿಸಲು ಆರು ಜನ ಕುಳಿತುಕೊಳ್ಳಬೇಕು, ಇಬ್ಬರು ಶಹಾಪುರದ ಬ್ಯಾಂಕಿಗೆ ಒಯ್ಯಬೇಕು, ಚಿಲ್ಲರೆಯ ಚೀಲವನ್ನು ಕಂಡರೆ ಗುಮಾಸ್ತರ ಮುಖ ಬಾಡುವುದು. ಕಳೆದ ವರ್ಷ ನಮ್ಮ ಹುಂಡಿಯಲ್ಲಿ ಐನೂರರ ಖೋಟಾ ನೋಟೊಂದು ಸಿಕ್ಕಿತು, ದೇವರಿಗೂ ಖೋಟಾ! ಇದಕ್ಕೆಲ್ಲ ಯಾರೂ ಶೇಕಡಾವಾರು ಲೆಕ್ಕ ಹಾಕುವುದಿಲ್ಲ, ಆದರೆ ಖರ್ಚು ಖರ್ಚೇ. ಧಾನ್ಯದ ಕಾಣಿಕೆಯೊಂದೇ ಇವೆರಡರ ನಡುವೆ ತಲೆಯೆತ್ತಿ ನಿಲ್ಲುವುದು. ಮಿಜೋರಾಮಿನ ಕ್ರೈಸ್ತ ಗೃಹಿಣಿಯರು ೧೯೧೦ರಿಂದ ಇಂದಿನವರೆಗೆ ಪ್ರತಿ ಸಾರೆ ಅಡಿಗೆಗೆ ಅಕ್ಕಿ ಅಳೆಯುವಾಗ ಒಂದು ಹಿಡಿಯನ್ನು ಸಭೆಗೆಂದು ತೆಗೆದಿಡುತ್ತಿರುವರು. ಆ ಹಿಡಿ ಹಿಡಿಯೇ ಕೂಡಿ ವರ್ಷಕ್ಕೆ ಕೋಟಿಗಟ್ಟಲೆ ರೂಪಾಯಿಯಾಗುವುದು. ನಮ್ಮಲ್ಲಿ ಮಠದ ಜೋಳಿಗೆಗೆ ಬಾಗಿಲಲ್ಲಿ ನಿಂತು ಜೋಳ ನೀಡುವ ಕೈಗಳೂ ಅಂಥವೇ. ಕೃಷ್ಣೆಯಾಚೆಯ ಅಮರೇಶ್ವರದ ಆಯ್ದಕ್ಕಿ ಮಾರಯ್ಯನ ಕಥೆಯನ್ನು ಈ ಸೀಮೆಯಲ್ಲಿ ಕೇಳದವರಿಲ್ಲ. ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುತ್ತಿದ್ದ ಗಂಡನು ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಅದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿ ಕಳುಹಿದವಳು ಲಕ್ಕಮ್ಮ. ಹೆಚ್ಚು ಬಂದುದನ್ನು ಕಂಡು ಹಿಡಿದವಳು ಮನೆಯಲ್ಲಿ ಅಳೆಯುವ ಹೆಣ್ಣುಮಗಳೆಂಬುದನ್ನು ನಾವು ನೆನೆಯುವೆವು. ನಮ್ಮ ಸಮಿತಿಯ ಹತ್ತು ಜನರಲ್ಲಿ ಒಬ್ಬ ಹೆಂಗಸೂ ಇರಲಿಲ್ಲ, ಈಗ ಇಬ್ಬರಿರುವರು.

ಕಥೆಯನ್ನು ಅರ್ಧಕ್ಕೆ ಬಿಟ್ಟಿದ್ದೆವು. ಅಮಾವಾಸ್ಯೆಯ ದಿನ ಗುಡಿಯ ಅಂಗಳದಲ್ಲಿ ಊರವರನ್ನು ಕೂಡಿಸಿ ನಮ್ಮ ಮಗಳು ಕಂಪನಿಯ ಹಾಳೆಗಳನ್ನು ಕನ್ನಡದಲ್ಲಿ ಓದಿದಳು. ಖಜಾಂಚಿಗಳು ಪಾಸುಬುಕ್ಕನ್ನು ಓದಿದರು. ಎರಡೂ ಕೂಡಿಬಂದುವು. ಚಹದ ಅಂಗಡಿಯಲ್ಲಿ ಎಲ್ಲರಿಗಿಂತ ಹೆಚ್ಚು ಮಾತಾಡಿದ್ದವನು ಹಿಂದಿನ ಸಾಲಿನಲ್ಲಿ ಕುಳಿತಿದ್ದನು. ಅವನು ಎದ್ದು ಬಂದು ಖಜಾಂಚಿಗಳ ಕಾಲು ಮುಟ್ಟಿದನು. ಅವರು ಏನೂ ಅನ್ನಲಿಲ್ಲ. ಕನ್ನಡಕವನ್ನು ತೆಗೆದು ಧೋತರದ ಸೆರಗಿನಿಂದ ಒರೆಸಿಕೊಂಡರು. ಅಂದಿನಿಂದ ಗುಡಿಯ ಚೀಟಿಯು ಬ್ಯಾಂಕಿನಿಂದಲೇ ತಂದುದು, ಗುಡಿಯ ಹೆಸರಿನ ಖಾತೆಯದು. ಕಂಪನಿಯ ಪುಟವು ಕಾರ್ಡಿನವರಿಗೆ ಮಾತ್ರ. ಅದರ ತಲೆಯ ಮೇಲೆ ‘ನೂರು ಕೊಟ್ಟರೆ ತೊಂಬತ್ತೇಳು ರೂಪಾಯಿ ಅರವತ್ತುನಾಲ್ಕು ಪೈಸೆ ತಲಪುವುದು’ ಎಂದು ಬರೆಸಿರುವೆವು. ಹಾಗೆ ಬರೆದಮೇಲೆ ನೂರರ ಬದಲು ನೂರ ಮೂರು ಹಾಕುವವರೂ ಬಂದಿರುವರು. ಖಜಾಂಚಿಗಳು ತಮ್ಮ ವಹಿಯಲ್ಲಿ ಜಮಾ, ಖರ್ಚುಗಳ ನಡುವೆ ಹೊಸದೊಂದು ಕಲಮನ್ನು ಕೆಂಪು ಶಾಯಿಯಿಂದ ಎಳೆದು, ಅದಕ್ಕೆ ‘ದಾರಿಖರ್ಚು’ ಎಂದು ಹೆಸರು ಬರೆದರು. ಹೆಸರಿಟ್ಟವರು ಅವರೇ, ಸಂಸ್ಕೃತದಲ್ಲಿ ಇದಕ್ಕಿಂತ ಒಳ್ಳೆಯದನ್ನು ಹುಡುಕಿದ ನಾವು ಸೋತೆವು.

ಅಂದು ಎಲ್ಲರೂ ಎದ್ದುಹೋದಮೇಲೆ ಒಬ್ಬ ಮುದುಕಿ ಹಿಂದುಳಿದಿದ್ದಳು. ಅಕ್ಷರ ಬಾರದವಳು, ಹತ್ತಿ ಬಿಡಿಸಿ ಬಂದ ಕೂಲಿಯಲ್ಲಿ ಐವತ್ತು ರೂಪಾಯಿಯನ್ನು ಕೈಯಾರೆ ಕೊಟ್ಟಿದ್ದವಳು. “ಯಪ್ಪಾ, ನನ್ನ ಐವತ್ತು ಇದರಾಗ ಎಲ್ಲಿ ಅದ?” ಎಂದು ಕೇಳಿದಳು. ಖಜಾಂಚಿಗಳು ಹಾಳೆ ತಿರುವಿ, ಅವಳ ಬೆರಳನ್ನು ಹಿಡಿದು ಆ ಸಾಲಿನ ಮೇಲೆ ಇಟ್ಟರು. ಅವಳು ಬೆರಳನ್ನು ಸ್ವಲ್ಪ ಹೊತ್ತು ಅಲ್ಲಿಯೇ ಇಟ್ಟುಕೊಂಡಿದ್ದು, “ಇದರಾಗ ಏನೂ ಮುರಕೊಂಡಿಲ್ಲಲ್ಲ?” ಎಂದಳು. “ಇಲ್ಲಬೇ ಅವ್ವಾ, ಪೂರಾ ಐವತ್ತು” ಎಂದು ಅವರು ವಹಿಯನ್ನು ಮುಚ್ಚಿದರು.